ಟ್ಯಾಂಕು ತುಂಬುವ ಮೊದಲು

ನಮ್ಮ ಸ್ಕೂಟರಿನ ಸೀಟನ್ನು ಎತ್ತಿದರೆ ಪೆಟ್ರೋಲಿನ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯುತ್ತದೆ. ಅಲ್ಲಿ ಹಳೆಯ ಲುಂಗಿಯ ತುಂಡಿನಲ್ಲಿ ಸುತ್ತಿದ ಒಂದು ಪ್ಲಾಸ್ಟಿಕ್ ಬಾಟಲಿ ಇದೆ, ಅದರ ತುಂಬ ಪೆಟ್ರೋಲು. ಟ್ಯಾಂಕು ತುಂಬಿದ್ದಾಗಲೂ ಅದು ಅಲ್ಲೇ ಇರುತ್ತದೆ. ಇಟ್ಟವನು ನನ್ನ ಹೆಂಡತಿಯ ತಮ್ಮ ಸೌಂಡಪ್ಪ. ಬೀದಿಯ ಕೊನೆಯ ಅಂಗಡಿಯಿಂದ ತೆಂಗಿನಕಾಯಿ ತರುವುದಿದ್ದರೂ ಅವನು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ನನಗೂ ತೋರಿಸಿ, "ಸಾಕಾ ಭಾವ?" ಎಂದು ಕೇಳುತ್ತಾನೆ.

"ಪಲ್ಲಡಂಗೆ ಹೋಗಿ ಬರೋಕೂ ಇದೇ ಜಾಸ್ತಿ ಕಣೋ."

"ನೀವು ನೋಡಿ ಹೇಳಿದ್ರೆ ಸರಿ. ನನ್ನ ಕಣಕ್ಕು ಬೇಡ."

ಕಣಕ್ಕು ಎಂದರೆ ಲೆಕ್ಕ. ನಮ್ಮ ಮನೆಯ ಕನ್ನಡದಲ್ಲಿ ಅರ್ಧ ತಮಿಳು ಸೇರಿಹೋಗಿದೆ, ನೀವು ಹೊಂದಿಸಿಕೊಳ್ಳಬೇಕು. ನನ್ನ ಹೆಂಡತಿ ಸರಸು ಈ ಮಾತುಕತೆ ಕೇಳಿಸಿಕೊಂಡಾಗಲೆಲ್ಲ ಒಳಗಿನಿಂದಲೇ, "ಊರವರೆಲ್ಲ ಗಾಡೀಲಿ ದೇವರ ಪಟ ಇಟ್ಕೊತಾರೆ, ನನ್ನ ತಮ್ಮ ಬೆಂಕಿ ಇಟ್ಕೊತಾನೆ" ಎನ್ನುತ್ತಿದ್ದಳು. ಅವನು ನಗುತ್ತಿದ್ದ. ನಾನೂ ನಗುತ್ತಿದ್ದೆ. ಆದರೆ ಆ ಬಾಟಲಿಯನ್ನು ಅವನ ಕೈಗೆ ಕೊಟ್ಟವನು ನಾನು. ಹೇಗೆ ಎಂಬುದನ್ನು ಒಂದೇ ಉಸಿರಿಗೆ ಹೇಳಲು ಧೈರ್ಯ ಸಾಲದು. ಸ್ವಲ್ಪ ಸುತ್ತಿಕೊಂಡು ಬರುತ್ತೇನೆ, ಜೊತೆಗಿರಿ.

ನಮ್ಮದು ತಮಿಳರ ನಡುವೆ ನೆಲೆಸಿದ ಕನ್ನಡದ ನೇಯುವ ಮನೆತನ. ಅಜ್ಜನ ಕಾಲದಲ್ಲಿ ಕೈಮಗ್ಗ, ನನ್ನ ಕಾಲಕ್ಕೆ ಪವರ್‌ಲೂಮ್. ಕೋಯಮತ್ತೂರಿನ ಕಡೆಯ ಪಲ್ಲಡಂ ಹತ್ತಿರ ತಗಡಿನ ಮಾಡಿನ ಒಂದು ಶೆಡ್ಡು, ಅದರೊಳಗೆ ಸಾಲಾಗಿ ಮಗ್ಗಗಳು. ಅಲ್ಲಿ ಹುಟ್ಟಿ ಬೆಳೆದವರು ಜೋರಾಗಿ ಮಾತಾಡುತ್ತಾರೆ. ಮಗ್ಗ ನಿಂತ ಮೇಲೂ ನಮಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ನಮಗೆ ಇನ್ನೊಂದು ರೋಗವೂ ಉಂಟು. ನಿಂತ ಮಗ್ಗವನ್ನು ನೋಡಿಕೊಂಡಿರಲು ಆಗುವುದಿಲ್ಲ. ಮಗ್ಗದ ಲಾಳಿಯೊಳಗೆ ನೂಲು ಸುತ್ತಿದ ಒಂದು ಕಂಡಿಕೆ ಇರುತ್ತದೆ. ನೂಲು ಮುಗಿಯುವ ಮುಂಚೆ ಮಗ್ಗ ನಿಲ್ಲಿಸಿ, ತುಂಬಿದ ಕಂಡಿಕೆಯ ಲಾಳಿ ಹಾಕಬೇಕು. ಬೇಗ ನಿಲ್ಲಿಸಿದರೆ ಒಂದಿಷ್ಟು ನೂಲು ದಂಡ. ತಡವಾದರೆ ಬಟ್ಟೆಯಲ್ಲಿ ಎಳೆ ತಪ್ಪಿ ಸಂದು ಬೀಳುತ್ತದೆ. ನಾನು ಕೊನೆಯ ಸುತ್ತಿನವರೆಗೂ ಓಡಿಸುವವನು. ಅದರಲ್ಲಿ ನನಗೆ ಹೆಸರಿತ್ತು, ಜಂಬವೂ ಇತ್ತು. ಲಾಳಿ ಬದಲಿಸುವಾಗ ನನ್ನ ಕೈ ಹೇಗೆ ಹಾರುತ್ತಿತ್ತೆಂದರೆ ಪಕ್ಕದ ಶೆಡ್ಡಿನವರು ಬಂದು ನಿಂತು ನೋಡುತ್ತಿದ್ದರು.

ಸೌಂಡಪ್ಪ ಮಗ್ಗದ ಫಿಟ್ಟರ್. ಎಡಗೈಯ ಎರಡು ಬೆರಳಿನ ತುದಿ ಚಿಕ್ಕಂದಿನಲ್ಲೇ ಹಲ್ಲುಚಕ್ರಕ್ಕೆ ಹೋಗಿತ್ತು. ಆದರೆ ಸುತ್ತಲಿನ ಶೆಡ್ಡುಗಳಲ್ಲಿ ಯಾವ ಮಗ್ಗ ಕೆಟ್ಟರೂ ಅವನೇ ಬೇಕು. ಬಾಗಿಲಲ್ಲಿ ನಿಂತು ಸದ್ದು ಕೇಳಿಯೇ, "ಹಾಸು ಬಿಗಿ ಆಗೈತೆ, ಒಂದು ಹಲ್ಲು ಸಡಿಲಿಸಿ" ಎನ್ನುತ್ತಿದ್ದ. ಹಾಸು ಎಂದರೆ ಬಟ್ಟೆಯ ಉದ್ದದ ಎಳೆಗಳು. ಯಾರನ್ನೂ ಕೇಳುತ್ತಿರಲಿಲ್ಲ. ಹೇಳುತ್ತಿದ್ದ, ಹೋಗುತ್ತಿದ್ದ. ಆ ಹೇಳುವ ರೀತಿ ನೆನಪಿಟ್ಟುಕೊಳ್ಳಿ.

ಎರಡು ಸಾವಿರದ ಐದೋ ಆರೋ ಇರಬೇಕು, ಅವನು ಕೋಯಮತ್ತೂರಿನಿಂದ ಹಳೆಯದೊಂದು ವಿಡಿಯೋ ಗೇಮ್ ಯಂತ್ರ ತಂದ. ಕಾರು ರೇಸಿನ ಆಟ. ಕೋಯಮತ್ತೂರಿನವರಿಗೆ ಮೊದಲಿಂದಲೂ ಕಾರು ರೇಸಿನ ಹುಚ್ಚು. ಮನೆಯ ಹಿಂದಿನ ಶೆಡ್ಡಿನಲ್ಲೇ ರೇಸಿನ ಕಾರು ಕಟ್ಟುವವರು ಅಲ್ಲಿದ್ದಾರೆ. ಅಂಥದೊಂದು ಶೆಡ್ಡಿನಲ್ಲಿ ಕೆಲಸ ಸಿಗಬೇಕೆಂಬುದು ಇವನ ಬಹುಕಾಲದ ಆಸೆ. ಹೋಗಿ ಕೇಳಿದಾಗಲೆಲ್ಲ, "ತರಿ ಫಿಟ್ಟರಾ? ಪೋಯ್ಟ್ಟು ವಾಪ್ಪಾ" ಎಂದು ಕಳಿಸುತ್ತಿದ್ದರು. ತರಿ ಎಂದರೆ ಮಗ್ಗ. ಉಳಿದದ್ದು, ಹೋಗಿ ಬಾ ಅಂತ. ಹಾಗಾಗಿ ಪರದೆಯ ಮೇಲಿನ ಕಾರನ್ನಾದರೂ ಬಿಚ್ಚಿ ಜೋಡಿಸೋಣ ಎಂದುಕೊಂಡನೋ ಏನೋ.

ಸಣ್ಣ ರೇಸುಗಳು ಅವನಿಗೆ ಬೇಡವಾಗಿದ್ದವು. ಗಂಟೆಗಟ್ಟಲೆ ಓಡುವ ದೀರ್ಘ ರೇಸೇ ಬೇಕು. ಅದರಲ್ಲಿ ಬರೀ ವೇಗ ನಡೆಯುವುದಿಲ್ಲ. ಟೈರು ಸವೆಯುತ್ತದೆ, ಪೆಟ್ರೋಲು ಖಾಲಿಯಾಗುತ್ತದೆ, ನಡುನಡುವೆ ಪಿಟ್ಟಿಗೆ, ಅಂದರೆ ದಾರಿಯ ಪಕ್ಕದ ರಿಪೇರಿ ಜಾಗಕ್ಕೆ, ಹೋಗಿ ಬರಬೇಕು. ಮೆದು ಟೈರು ಹಾಕಿದರೆ ಕಾರು ನೆಲಕ್ಕೆ ಅಂಟಿಕೊಂಡು ಹಾರುತ್ತದೆ, ಆದರೆ ಟೈರು ಬೇಗ ಸಾಯುತ್ತದೆ. ಗಟ್ಟಿ ಟೈರು ನಿಧಾನ, ಆದರೆ ಒಂದು ಪಿಟ್ಟು ಉಳಿಸುತ್ತದೆ. ತುಂಬಿದ ಟ್ಯಾಂಕು ಭಾರ, ತಿರುವಿನಲ್ಲಿ ಎಳೆಯುತ್ತದೆ. ಸೌಂಡಪ್ಪ ಇದನ್ನೆಲ್ಲ ಮಗ್ಗದ ಲೆಕ್ಕದಲ್ಲೇ ಹಿಡಿದ. ಸ್ಪ್ರಿಂಗು ಬಿಗಿಮಾಡುವಾಗ "ಹಾಸು ಹಿಂಗೇ ಭಾವ, ಜಾಸ್ತಿ ಬಿಗಿದ್ರೆ ಹರೀತದೆ, ಬಿಟ್ರೆ ಜೋಲಾಡ್ತದೆ" ಎನ್ನುವನು. ಕಾರಿನ ಎತ್ತರ ಇಳಿಸುವನು, ಗೇರಿನ ಹಲ್ಲು ಬದಲಿಸುವನು, ನನ್ನನ್ನು ನಾಲ್ಕು ಸುತ್ತು ಓಡಿಸಿ ಮತ್ತೆ ಇನ್ನೇನೋ ತಿರುಗಿಸುವನು. ಅವನಿಗೆ ಬೆರಳ ತುದಿಗಳಿಲ್ಲದ ಕಾರಣ ಓಡಿಸುವುದು ನನ್ನ ಪಾಲಿಗೆ ಬಂತು. ಹೊಟ್ಟೆ ಬಂದ, ಕನ್ನಡಕದ ಗಂಡಸು ಶೆಡ್ಡಿನ ಮುಂದಿನ ಕೋಣೆಯಲ್ಲಿ ಚಾಪೆಯ ಮೇಲೆ ಕೂತು, ಎಡಕ್ಕೆ ತಿರುವು ಬಂದರೆ ತಾನೂ ಎಡಕ್ಕೆ ವಾಲುತ್ತಿದ್ದುದನ್ನು ನೀವು ನೋಡಬೇಕಿತ್ತು. ಸರಸು ನೋಡಿ, "ಬಿದ್ದೀರಾ, ಕಾರು ಟೀವಿ ಒಳಗೈತೆ" ಎನ್ನುತ್ತಿದ್ದಳು. ಎಷ್ಟೋ ಸಲ ಗೆಲ್ಲುವ ಹೊತ್ತಿಗೆ ಕರೆಂಟು ಹೋಗುತ್ತಿತ್ತು. ಮಗ್ಗಗಳೂ ಕಾರೂ ಒಟ್ಟಿಗೆ ಸತ್ತು, ಒಂದು ಕ್ಷಣ ಇಡೀ ಶೆಡ್ಡು ಕಿವುಡಾದಂತಾಗುತ್ತಿತ್ತು. ಅವು ಸುಖದ ದಿನಗಳು. ಇಲ್ಲಿಗೇ ನಿಲ್ಲಿಸಿಬಿಡಬೇಕೆನಿಸುತ್ತದೆ.

ಆಗ ಕೋಯಮತ್ತೂರಿನ ಗೇಮ್ ಸೆಂಟರೊಂದರಲ್ಲಿ ಜೋಡಿಗಳ ಪಂದ್ಯ ಇಟ್ಟರು. ಒಬ್ಬ ಓಡಿಸಬೇಕು, ಒಬ್ಬ ಪಿಟ್ಟಿನ ಲೆಕ್ಕ ನೋಡಬೇಕು. ಎರಡು ಗಂಟೆಯ ರೇಸು. ಕಾಲೇಜು ಹುಡುಗರ ನಡುವೆ ನಾವಿಬ್ಬರು ಮದುವೆ ಮನೆಗೆ ತಪ್ಪಿ ಬಂದ ನೆಂಟರಂತೆ ಕಾಣುತ್ತಿದ್ದೆವು. "ಅಂಕಲ್, ಬಟನ್ ಕಾಣ್ಸುತ್ತಾ?" ಎಂದು ತಮಿಳಿನಲ್ಲಿ ಒಬ್ಬ ಕೇಳಿದ. ಅರ್ಧ ರೇಸು ಮುಗಿಯುವಾಗ ನಾವು ಮೊದಲಿದ್ದೆವು. ಎಲ್ಲರೂ ಮೆದು ಟೈರಿನಲ್ಲಿ ಹಾರಿ ಮತ್ತೆ ಮತ್ತೆ ಪಿಟ್ಟಿಗೆ ಓಡುತ್ತಿದ್ದರು. ಸೌಂಡಪ್ಪ ನನಗೆ ಗಟ್ಟಿ ಟೈರು ಹಾಕಿಸಿ ಎತ್ತಿನ ಗಾಡಿಯಂತೆ ಸಮಾಧಾನವಾಗಿ ಎಳೆಸುತ್ತಿದ್ದ.

ನೋಡಲು ಬಂದವರಲ್ಲಿ ರೇಸ್ ಕಾರಿನ ಶೆಡ್ಡಿನ ಯಜಮಾನರೊಬ್ಬರಿದ್ದರು. ಅವರು ಸೌಂಡಪ್ಪನ ಬೆನ್ನಹಿಂದೆ ನಿಂತು, ಅವನು ನನಗೆ ಹೇಳುವುದನ್ನೆಲ್ಲ ಕೇಳಿಸಿಕೊಂಡರು. ಕೊನೆಗೆ ಹೆಗಲು ತಟ್ಟಿ, ಒಂದು ಮಾತು ಆಡಬೇಕು, ಹೊರಗೆ ಬಾ ಎಂದರು. ಹೋಗುವ ಮುನ್ನ ಸೌಂಡಪ್ಪ ನನ್ನ ಕಿವಿಯ ಹತ್ತಿರ ಬಗ್ಗಿದ.

"ಭಾವ, ಮುಂದಿನ ಸುತ್ತಿಗೆ ಒಳಕ್ಕೆ ಹೋಗಿ. ಫುಲ್ ಟ್ಯಾಂಕು. ತುಂಬೋದು ಅದಾಗೇ ನಿಲ್ಲೋ ತನಕ ಬಟನ್ ಮುಟ್ಬೇಡಿ. ಆಮೇಲೆ ಕೊನೇ ತನಕ ನಿಲ್ಲೋ ಹಂಗಿಲ್ಲ."

ನಾನು ಒಳಕ್ಕೆ ಹೋದೆ. ಪಿಟ್ಟಿನಲ್ಲಿ ಮಾತ್ರ ಕಾಣುವ ಪೆಟ್ರೋಲಿನ ಗೆರೆ ಪರದೆಯ ಮೇಲೆ ಮೆಲ್ಲಗೆ ಏರತೊಡಗಿತು. ಕಾರು ನಿಂತಿದೆ, ಸುಮ್ಮನೆ ನಿಂತಿದೆ. ನಿಂತ ಮಗ್ಗದ ಮುಂದೆ ಕೂತಂತೆ ಎದೆಯೊಳಗೆ ಒಂದು ಕೆರೆತ ಶುರುವಾಯಿತು. ಅಷ್ಟರಲ್ಲಿ ಆ ಕಾಲೇಜು ಹುಡುಗರ ಕಾರು ಪಕ್ಕದಲ್ಲೇ ಹಾದು ಮುಂದೆ ಹೋಯಿತು. ಗೆರೆ ಮುಕ್ಕಾಲಿಗೆ ಬಂದಿತ್ತು. ಇಷ್ಟು ಸಾಕು, ಕೊನೆಯ ಎಳೆಯವರೆಗೂ ಓಡಿಸಬಲ್ಲ ಕೈ ಇದು ಎಂದುಕೊಂಡೆ. ಬಟನ್ ಒತ್ತಿ ಕಾರು ಹೊರಡಿಸಿದೆ.

ಕಾರು ಹಗುರವಾಗಿತ್ತು. ಹುಡುಗರನ್ನು ಹಿಡಿದೆ, ದಾಟಿದೆ. ಸೌಂಡಪ್ಪ ಒಳಗೆ ಬಂದಾಗ ಅವನ ಮುಖ ಹೇಗಿತ್ತೆಂದು ಹೇಳಲಾರೆ. "ಸೋಮವಾರ ಬಾ ಅಂದ್ರು ಭಾವ. ಗೆಲುವು ಸೋಲು ಬೇಡ, ನಿನ್ನ ಕಣಕ್ಕು ಸರಿ ಐತಾ ಅಷ್ಟೇ ನೋಡ್ತೀನಿ ಅಂದ್ರು" ಎಂದು ಪಿಸುಗುಟ್ಟಿದ. ಆಗ ಹೇಳಬಹುದಿತ್ತು. ಇನ್ನೊಮ್ಮೆ ಪಿಟ್ಟಿಗೆ ಹೋಗಿ ಬಂದಿದ್ದರೆ ಎರಡನೆಯವರಾಗುತ್ತಿದ್ದೆವು, ಲೆಕ್ಕ ತಪ್ಪಿದ್ದು ಯಾರದೆಂದೂ ತಿಳಿಯುತ್ತಿತ್ತು. ನಾನು ಮುಂದಿನ ತಿರುವನ್ನು ನೋಡುತ್ತ ಕೂತೆ.

ಕೊನೆಯ ಸುತ್ತುಗಳಲ್ಲಿ ಪೆಟ್ರೋಲು ತೀರಿತು. ಆ ಆಟದಲ್ಲಿ ಪೆಟ್ರೋಲು ತೀರಿದ ಕಾರು ನಿಂತುಬಿಡುವುದಿಲ್ಲ, ಅಷ್ಟಾದರೂ ಮರ್ಯಾದೆ ಉಳಿಯುತ್ತಿತ್ತು. ಅದು ತೆವಳುತ್ತದೆ. ಒಂದೊಂದೇ ಕಾರು ನಮ್ಮನ್ನು ದಾಟಿ ಹೋಯಿತು, ನಾವು ತೆವಳುತ್ತಲೇ ಇದ್ದೆವು. ಸೆಂಟರಿನಲ್ಲಿ ನಗು. ಯಜಮಾನರು ಮುಂದೆ ಬಂದು ನನ್ನನ್ನು ಕೇಳಿದರು, ಎಷ್ಟು ತುಂಬಿಸಿದೆ ಎಂದು.

"ಅವನು ಹೇಳಿದ ಹಾಗೆ ಫುಲ್ ಹಾಕಿದೆ" ಎಂದೆ.

ಇಷ್ಟೇ ನಾನು ಮಾಡಿದ್ದು. ತಮಿಳಿನಲ್ಲಿ ಹೇಳಿದ ನಾಲ್ಕೈದು ಪದ. ಅವರು ಸೌಂಡಪ್ಪನ ಕಡೆ ತಿರುಗಿ, ಬೈಯಲೂ ಇಲ್ಲ, "ಗೇಮಲ್ಲಿ ಆಗಿದ್ದು ಒಳ್ಳೇದಾಯ್ತು ತಂಬಿ, ನಿಜವಾದ ಕಾರಲ್ಲಿ ಆಗಿದ್ರೆ?" ಎಂದು ಹೊರಟುಹೋದರು. ಅವನು ತುದಿಯಿಲ್ಲದ ಬೆರಳುಗಳನ್ನು ಬಿಡಿಸಿ ಬಿಡಿಸಿ ಮತ್ತೆ ಎಣಿಸುತ್ತಿದ್ದ. ಬಸ್ಸಿನಲ್ಲಿ ಪಲ್ಲಡಂವರೆಗೂ ಎಣಿಸಿದ. ಇಳಿಯುವಾಗ, "ಎಲ್ಲಿ ತಪ್ತು ಅಂತ ಗೊತ್ತಾಗ್ತಿಲ್ಲ ಭಾವ. ಸರಿಯಾಗೇ ಬರ್ತದೆ. ಆದ್ರೂ ತಪ್ಪೈತೆ" ಎಂದ. ನಾನು "ಬಿಡೋ, ಆಟ ತಾನೆ" ಎಂದೆ. ನನ್ನ ಆ ಸಮಾಧಾನದ ಮಾತು ನೆನೆದರೆ ಸುಳ್ಳಿಗಿಂತ ಅದೇ ಹೆಚ್ಚು ಕುಟುಕುತ್ತದೆ.

ಸೋಮವಾರ ಅವನು ಹೋಗಲಿಲ್ಲ. ಯಂತ್ರವನ್ನು ಯಾರಿಗೋ ಕೊಟ್ಟುಬಿಟ್ಟ. ಮಗ್ಗದ ಬಾಗಿಲಲ್ಲಿ ನಿಂತು ಸದ್ದು ಕೇಳುವುದು ಹಾಗೇ ಇತ್ತು, ಆದರೆ ಈಗ "ಬಿಗಿ ಆಗೈತಾ? ನಿಮಗೆ ಏನನ್ಸುತ್ತೆ?" ಎಂದು ಕೇಳತೊಡಗಿದ. ಬಿಗಿದ ಬೋಲ್ಟನ್ನು ಬಿಚ್ಚಿ ಮತ್ತೆ ಬಿಗಿಯುವನು. ಅನುಮಾನಪಡುವ ಫಿಟ್ಟರನ್ನು ಯಾರು ಕರೆಯುತ್ತಾರೆ? ಮಗ್ಗ ನಿಂತಿರುತ್ತದಲ್ಲ. ಒಂದೊಂದೇ ಶೆಡ್ಡು ಬಿಟ್ಟುಹೋಯಿತು. ಆಮೇಲೆ ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಬಹಳ ವರ್ಷ ವಾಚ್‌ಮನ್ ಆಗಿದ್ದ. ಹಾಕಿದ ಬೀಗವನ್ನು ಮತ್ತೆ ಮತ್ತೆ ಎಳೆದು ನೋಡುವ ವಾಚ್‌ಮನ್ ಎಂದು ಅಲ್ಲಿಯವರಿಗೆ ಅವನ ಮೇಲೆ ಪ್ರೀತಿ. ಮದುವೆ ಮಾತು ಬಂದಾಗಲೆಲ್ಲ "ನೀವೇ ನೋಡಿ ಭಾವ" ಎಂದ. ನಾನು ನೋಡುತ್ತೇನೆಂದು ಹೇಳಿ ದಿನ ತಳ್ಳಿದೆ. ಈಗ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿದ್ದಾನೆ.

ನಾನು ಹೈಸ್ಕೂಲು ಓದಿದ್ದು ಕೊಳ್ಳೇಗಾಲದಲ್ಲಿ, ಸೋದರಮಾವನ ಮನೆಯಲ್ಲಿದ್ದು. ಹಾಗಾಗಿ ನಮ್ಮ ಮನೆಯಲ್ಲಿ ಕನ್ನಡ ಓದಲು ಬರೆಯಲು ಬರುವುದು ನನಗೊಬ್ಬನಿಗೇ. ಈ ತಪ್ಪನ್ನು ಬರೆದಿಡಬೇಕೆಂದು ಹೊರಟಾಗ ಕನ್ನಡದಲ್ಲೇ ಬರೆದೆ. ಭಾಷಾಭಿಮಾನ ಎಂದು ನನಗೆ ನಾನೇ ಹೇಳಿಕೊಂಡೆ. ಸರಸು ಹಾಳೆಗಳನ್ನು ಎತ್ತಿ ತಿರುಗಿಸಿ ನೋಡಿ, "ಏನು, ದೇವರ ಕತೆಯಾ?" ಎಂದು ಕೇಳಿದ ದಿನ ನಿಜ ಹೊಳೆಯಿತು. ಓದಬೇಕಾದವರಿಗೆ ಓದಲು ಬಾರದ ಲಿಪಿಯಲ್ಲಿ ನಾನು ತಪ್ಪೊಪ್ಪಿಕೊಳ್ಳುತ್ತಿದ್ದೆ. ಬೀಗ ಹಾಕಿ ಬಾಗಿಲು ತೆರೆದೆ ಅಂದಂತೆ.

ಹೋದ ತಿಂಗಳು ಬೆಲ್ಲ ತರಲು ಪೊಳ್ಳಾಚಿಗೆ ಸ್ಕೂಟರಿನಲ್ಲಿ ಹೋಗಿದ್ದೆವು. ದಾರಿಯ ಚಹಾದ ಅಂಗಡಿಯಲ್ಲಿ ಬಾಯಿಬಿಟ್ಟು ಹೇಳಿದೆ. ಬಟನ್ ಒತ್ತಿದ್ದು, ಮುಕ್ಕಾಲಿಗೆ ನಿಲ್ಲಿಸಿದ್ದು, ಸುಳ್ಳು ಹೇಳಿದ್ದು. ಎಲ್ಲ. ಅವನು ಲೋಟ ಕೆಳಗಿಟ್ಟು ನನ್ನನ್ನು ಕನಿಕರದಿಂದ ನೋಡಿದ.

"ಇಷ್ಟು ವರ್ಷ ಆದ್ಮೇಲೆ ನನಗೋಸ್ಕರ ಯಾಕೆ ಸುಳ್ಳು ಹೇಳ್ತೀರಾ ಭಾವ?"

"ಸುಳ್ಳಲ್ಲ ಕಣೋ. ಆಗ ಹೇಳಿದ್ದು ಸುಳ್ಳು."

"ನೀವು ದೊಡ್ಡವರು, ಹಂಗೇ ಹೇಳ್ತೀರಿ. ಅಕ್ಕ ಹೇಳ್ಕೊಟ್ಟಳಾ?"

ಏನು ಮಾಡಲಿ? "ಸರಿ, ಆ ದಿನದ ಲೆಕ್ಕ ಹೇಳು" ಎಂದೆ. ಅವನು ತಡವರಿಸಲಿಲ್ಲ. "ಫುಲ್ ಟ್ಯಾಂಕಿಗೆ ಇಪ್ಪತ್ತಾರು ಸುತ್ತು. ಉಳಿದಿದ್ದು ಇಪ್ಪತ್ನಾಲ್ಕು. ಗಟ್ಟಿ ಟೈರು ಅಷ್ಟಕ್ಕೂ ತಡೀತದೆ. ಎರಡು ಸುತ್ತಿನ ಪೆಟ್ರೋಲು ಮಿಗಬೇಕು." ಹಳೆಯ ಸೌಂಡಪ್ಪ ಒಂದು ಉಸಿರಿನಷ್ಟು ಹೊತ್ತು ಬಂದು ಹೋದ. ಆಮೇಲೆ ಅವನೇ ಮೆಲ್ಲಗೆ, "ಅದು ತಪ್ಪು ಕಣಕ್ಕು ಭಾವ. ನಾವೇ ನೋಡಿದ್ವಲ್ಲ, ತೆವಳ್ತು" ಎಂದ. ಚಹಾದ ದುಡ್ಡು ಕೊಟ್ಟು ಬಂದು, ಸೀಟೆತ್ತಿ, ಬಾಟಲಿಯ ಮುಚ್ಚಳ ತಿರುಗಿಸಿ ನೋಡಿದ.

ಮನೆಗೆ ಬಂದು ಸರಸುವಿಗೂ ಹೇಳಿದೆ. ಅವಳು ನಂಬಿದಳು. ಅಂದಿನಿಂದ ನನಗೆ ಊಟ ಬಡಿಸುತ್ತಾಳೆ, ತಮಾಷೆ ಮಾಡುವುದಿಲ್ಲ.

ಈಗ ಪೆಟ್ರೋಲ್ ಬಂಕಿಗೆ ಹೋದಾಗ ನಾನು ಟ್ಯಾಂಕಿನೊಳಗೆ ಇಣುಕುವುದಿಲ್ಲ. ತುಂಬುವವರೆಗೂ ಸುಮ್ಮನೆ ನಿಲ್ಲುತ್ತೇನೆ. ಎದೆಯ ಕೆರೆತ ಈಗಲೂ ಬರುತ್ತದೆ, ಆದರೂ ನಿಲ್ಲುತ್ತೇನೆ. ಅವನು ಎಂದಿನಂತೆ, "ನೀವೇ ನೋಡಿ ಭಾವ, ತುಂಬ್ತಾ?" ಎನ್ನುತ್ತಾನೆ. "ನಾನು ನೋಡಲ್ಲ. ನೀನು ನೋಡಿ ಹೇಳು. ನೀನು ಹೇಳೋ ತನಕ ಗಾಡಿ ತೆಗೆಯಲ್ಲ" ಎನ್ನುತ್ತೇನೆ. ಹಿಂದೆ ನಿಂತವರು ಹಾರನ್ ಹೊಡೆಯುತ್ತಾರೆ, ತಮಿಳಿನಲ್ಲಿ ಬೈಯುತ್ತಾರೆ. ಅವನು ಬಗ್ಗಿ ನೋಡುತ್ತಾನೆ, ಗಾಡಿ ಅಲ್ಲಾಡಿಸುತ್ತಾನೆ, ಮತ್ತೆ ನೋಡುತ್ತಾನೆ. ಮೊನ್ನೆ ಬಹಳ ಹೊತ್ತಿನ ಮೇಲೆ, "ತುಂಬೈತೆ" ಎಂದ. ನಾನು ಕಿಕ್ ಹೊಡೆದೆ. ಹಿಂದಿನ ಸೀಟಿಗೆ ಹತ್ತಿ ಕೂತವನು ನನ್ನ ಬೆನ್ನಿಗೆ ಮುಖ ತಂದು, "ಅನ್ಸುತ್ತೆ" ಎಂದ.