ತೇವದಕ್ಕನ ಗೋಡೆ

"ಮೆತ್ತುವವಳೂ ಅವಳೇ, ಉದುರಿಸುವವಳೂ ಅವಳೇ" ಎಂದು ಆ ಗಾರೆ ಕೆಲಸದವಳ ಬಗ್ಗೆ ಆಡಿಕೊಳ್ಳದವರು ನಮ್ಮ ಬೀದಿಯಲ್ಲಿ ಇರಲಿಲ್ಲ. ಪ್ರಾರ್ಥನಾ ಮಂದಿರದ ಬಡಗಣ ಗೋಡೆಗೆ ಅವಳು ವರ್ಷಕ್ಕೊಮ್ಮೆ ಹೊಸ ಗಾರೆ ಹಚ್ಚುತ್ತಿದ್ದಳು. ವರ್ಷ ತುಂಬುವುದರೊಳಗೆ ಗೋಡೆ ಮತ್ತೆ ಒದ್ದೆ, ಗಾರೆ ಹಕ್ಕಳೆ ಹಕ್ಕಳೆಯಾಗಿ ನೆಲಕ್ಕೆ. ಕೆಲಸ ಉಳಿಸಿಕೊಳ್ಳಲು ಬೇಕೆಂದೇ ಕಳಪೆ ಮಾಡುತ್ತಾಳೆ ಎಂದರು ಕೆಲವರು, ಕೈಗುಣವೇ ಅಷ್ಟು ಎಂದರು ಕೆಲವರು. ಕೊನೆಗೆ ಅವಳ ಹೆಸರೇ ತೇವದಕ್ಕ ಎಂದಾಯಿತು.

ಹಾಗೆ ನೋಡಿದರೆ ಬೀದಿಯ ಅರ್ಧ ಮನೆಗಳ ಗೋಡೆ ಅವಳ ಕೈಯದೇ. ನಮ್ಮ ಅತ್ತೆಯ ಮನೆಯ ನೀರಿನ ತೊಟ್ಟಿ ಅವಳು ಕಟ್ಟಿದ್ದು. ಮೂವತ್ತು ವರ್ಷವಾಯಿತು, ಒಂದು ಹನಿ ಸೋರಿಲ್ಲ. ಅಂಥವಳ ಕೈ ಆ ಒಂದು ಗೋಡೆಯಲ್ಲಿ ಮಾತ್ರ ಏಕೆ ಸೋಲುತ್ತದೆ ಎಂದು ಯಾರೂ ಕೇಳಲಿಲ್ಲ. ಆಡಿಕೊಳ್ಳುವ ಬಾಯಿಗೆ ಕೇಳುವ ಪುರುಸೊತ್ತು ಎಲ್ಲಿಯದು?

ತೇವದಕ್ಕ ಬೆಟ್ಟದವಳು, ಊರಿಗಿಳಿದು ನಮ್ಮ ಮಂದಿರಕ್ಕೆ ಸೇರಿದವಳು. ಈ ಊರು ಹುಟ್ಟುವ ಮೊದಲು ತಪ್ಪಲಿನಲ್ಲಿದ್ದವರು ಅವಳ ಜನವೇ. ನಮ್ಮ ಮುತ್ತಾತಂದಿರು ಬಂದರು, ಅವರನ್ನು ಮೇಲಕ್ಕೆ ಅಟ್ಟಿದರು, ಬೀದಿ ಹಾಕಿದರು, ಮಂದಿರ ಕಟ್ಟಿದರು. ಬೆಟ್ಟದವರು 'ಅಮ್ಮ' ಎಂದು ಕರೆಯುತ್ತಿದ್ದ ನೀರಿನ ಬುಗ್ಗೆಯೊಂದು ಅಲ್ಲಿತ್ತು. ಅದರ ಮೇಲೆಯೇ ಮಂದಿರದ ಹಾಸುಗಲ್ಲು ಕೂತವು. ಎರಡು ತಲೆಮಾರಿಗೆ ನಮ್ಮವರು ಅದನ್ನು ಮರೆತರು. ಅವರು ಮರೆಯಲಿಲ್ಲ.

ತೇವದಕ್ಕನಿಗೆ ಕರಣೆ ಹಿಡಿಯಲು ಕಲಿಸಿದ ಅವಳ ತಾಯಿ ಅಂದೇ ಹೇಳಿದ್ದಳು: "ಬಾಯಿ ಬಿಟ್ರೆ ಕಾಂಕ್ರೀಟ್ ಸುರಿದು ಅಮ್ಮನ ಉಸಿರು ಕಟ್ಟಿಸ್ತಾರೆ ಕಣೇ. ಗೋಡೆ ಅಳ್ತಾ ಇರ್ಲಿ. ನೀನು ಬೈಸ್ಕೊ."

ಬೈಸಿಕೊಂಡಳು. ಸಿಮೆಂಟು ನೀರನ್ನು ತಡೆಯುತ್ತದೆ, ಸುಣ್ಣದ ಗಾರೆ ಉಸಿರಾಡಲು ಬಿಡುತ್ತದೆ. ಅದಕ್ಕೇ ಅವಳು ಆ ಗೋಡೆಗೆ ಸುಣ್ಣ ಬಿಟ್ಟು ಬೇರೇನೂ ಹಚ್ಚಲಿಲ್ಲ. ಗೋಡೆಯ ಬುಡದಲ್ಲಿ, ಚಪ್ಪಟೆ ಕಲ್ಲೊಂದರ ಮರೆಯಲ್ಲಿ, ಬೆರಳಗಲದ ಸಂದು ಬಿಟ್ಟು, ಅದು ಕಟ್ಟಿಕೊಳ್ಳದಂತೆ ತಂತಿಯಿಂದ ಕೆದಕುತ್ತಿದ್ದಳು. ಹಿತ್ತಲಿನ ಹುಲ್ಲಿಗೆ ಹನಿಹನಿಯಾಗಿ ಬೀಳುತ್ತಿದ್ದ ನೀರನ್ನು, ಊರಿಗೆ ಬಂದ ಬೆಟ್ಟದ ಹೆಂಗಸರು ಬೊಗಸೆಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು. ಹೀಗೆ ನಲವತ್ತು ವರ್ಷ.

ಆಮೇಲೆ ಸಿಮೆಂಟ್ ಅಂಗಡಿಯ ಯಜಮಾನರು ಕಟ್ಟಡ ಸಮಿತಿಗೆ ಮುಖ್ಯಸ್ಥರಾದರು. ಒಂದು ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಎದ್ದು ನಿಂತು ಹೇಳಿದರು: "ಸುಣ್ಣ ಗಿಣ್ಣ ಸಾಕು. ಹಾಸುಗಲ್ಲು ಎಬ್ಬಿಸಿ ಒಂದಡಿ ಕಾಂಕ್ರೀಟ್ ಹಾಕೋಣ. ತೇವದಕ್ಕಾ, ನೀನೇ ನಿಂತು ಮಾಡ್ಸು. ಗೋಡೆ ಒಣಗಿದ್ರೆ ನಿನ್ನ ಮಾನಾನೂ ಉಳಿಯುತ್ತೆ."

ಜನ ನಕ್ಕರು. ಬುಗ್ಗೆಯ ಉಸಿರು ಕಟ್ಟಿಸಿದರೆ ಅವಳಿಗೆ ಒಳ್ಳೆಯ ಹೆಸರು! ತೇವದಕ್ಕ ಕೊನೆಯ ಬೆಂಚಿನಿಂದ ಎದ್ದಳು.

"ನನ್ನ ಮಾನ ಸೋರಿಲ್ಲ ಯಜಮಾನ್ರೇ. ಬನ್ನಿ, ಸೋರ್ತಿರೋದು ಏನು ಅಂತ ತೋರಿಸ್ತೀನಿ."

ಎಲ್ಲರನ್ನೂ ಹಿತ್ತಲಿಗೆ ಕರೆದೊಯ್ದು ಚಪ್ಪಟೆ ಕಲ್ಲು ಎತ್ತಿದಳು. ಬುಗ್ಗೆಯ ಕಥೆಯನ್ನು ಒಂದೇ ಉಸಿರಿಗೆ ಹೇಳಿದಳು. "ಇದೇ ನನ್ನ ಕಳಪೆ ಕೆಲಸ. ಕೈಯಿಟ್ಟು ನೋಡಿ."

ಆ ವರ್ಷವಷ್ಟೇ ಬಂದಿದ್ದ ಪಾದ್ರಿ ಕೈಯಿಟ್ಟರು. ತಣ್ಣಗಿತ್ತು. ಬೊಗಸೆ ತುಂಬಲು ಬಹಳ ಹೊತ್ತು ಬೇಕಾಯಿತು.

ಮರುದಿನ ಪಾದ್ರಿ ಉದ್ದದ ಕ್ಷಮಾಪಣೆ ಪತ್ರ ಬರೆದುಕೊಂಡು ಅವಳ ಮನೆಗೆ ಬಂದರು. ಅವಳು ಸುಣ್ಣ ಜರಡಿ ಹಿಡಿಯುತ್ತಲೇ ಪೂರ್ತಿ ಕೇಳಿದಳು.

"ಚೆನ್ನಾಗಿದೆ ಅಯ್ಯನವರೇ. ಬೆಟ್ಟ ಹತ್ತೋಕೆ ಆಗುತ್ತಾ ನಿಮ್ಮ ಕೈಲಿ?"

"ಹತ್ತಬಹುದಮ್ಮಾ."

"ಹಾಗಾದ್ರೆ ಕಾಗದ ಇಲ್ಲೇ ಇರ್ಲಿ. ಏನು ಮಾಡ್ಬೇಕು ಅಂತ ಅವರನ್ನೇ ಹೋಗಿ ಕೇಳಿ."

ಪಾದ್ರಿ ತಡೆದು ಕೇಳಿದರು: "ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಜೊತೆ ಹೇಗೆ ಪ್ರಾರ್ಥನೆ ಮಾಡ್ತಿದ್ರಿ?"

"ಮಂಡಿಯೂರಿದಾಗೆಲ್ಲ ಕೆಳಗೆ ಅಮ್ಮನ ಸದ್ದು ಕೇಳ್ತಿತ್ತು. ನೀವು ಓದೋ ಮಾತು, ಅವಳ ಸದ್ದು, ಎರಡೂ ಒಂದೇ ಕಡೆಯಿಂದ ಬರೋದು ಅಂತ ನನಗೆ ಗೊತ್ತಿತ್ತು. ನಿಮಗೆ ಯಾವಾಗ ಕೇಳುತ್ತೋ ಅಂತ ಕಾಯ್ತಿದ್ದೆ."

ಪಾದ್ರಿ, ಯಜಮಾನರು, ಇನ್ನೂ ಏಳು ಜನ ಬೆಟ್ಟ ಹತ್ತಿದರು. ಅಲ್ಲಿನ ಹಿರಿಯಜ್ಜಿ ಎಲ್ಲ ಕೇಳಿಸಿಕೊಂಡು ಅಂದಳು: "ಕ್ಷಮೆ ಮಾತು ಆಮೇಲೆ. ಮೊದಲು ಕಲ್ಲು ತೆಗೀರಿ."

ಎರಡು ಮನೆಯವರು ಮುನಿಸಿಕೊಂಡು ಬೇರೆ ಮಂದಿರಕ್ಕೆ ಹೋದರು. ಉಳಿದವರು ಪಿಕಾಸಿ, ಹಾರೆ ಹಿಡಿದು ಬಂದರು. ತೇವದಕ್ಕ ಇದ್ದಿಲಿನಿಂದ ಮೂರು ಹಾಸುಗಲ್ಲಿಗೆ ಗುರುತು ಹಾಕಿದಳು. ಯಜಮಾನರ ತಲೆಯ ಮೇಲೆ ಕೆಸರಿನ ಬುಟ್ಟಿ ಕೂತಿತು.

"ಸಿಮೆಂಟ್ ಮಾರೋನ ಕೈಲಿ ಕೆಸರು ಹೊರಿಸ್ತಿದ್ದೀಯಲ್ಲೇ ತಾಯಿ!"

"ಹೊರಿ ಹೊರಿ. ನಲವತ್ತು ವರ್ಷ ನಿಮ್ಮ ಮಾತು ಹೊತ್ತಿಲ್ವಾ ನಾನು?"

ಮೊದಲು ಕೆಸರು ಉಕ್ಕಿತು, ಮಧ್ಯಾಹ್ನದ ಹೊತ್ತಿಗೆ ತಿಳಿನೀರು. ಬೆಟ್ಟದವರು ಮುಂಬಾಗಿಲಿನಿಂದ ಒಳಗೆ ಬಂದರು. ಹಿರಿಯಜ್ಜಿ ಕೂತು ನೀರಿಗೆ ಕೈಯಿಟ್ಟು ತನ್ನ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದಳು, ಮಗಳು ತವರಿಗೆ ಬಂದು ತಾಯಿಯ ಹತ್ತಿರ ಮಾತಾಡುವ ಹಾಗೆ. ಕ್ಷಮಿಸಿದೆ ಎಂದು ಆ ಅಜ್ಜಿ ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ವಾರಕ್ಕೊಮ್ಮೆ ಇಳಿದು ಬರತೊಡಗಿದಳು. ನಮಗೆ ಅಷ್ಟು ಸಾಕಿತ್ತು.

ಬುಗ್ಗೆಗೆ ಕಲ್ಲಿನ ಅಂಚು ಕಟ್ಟಿ ಹೊರಕ್ಕೆ ಕಾಲುವೆ ಬಿಟ್ಟವಳು ತೇವದಕ್ಕನೇ. ಬಡಗಣ ಗೋಡೆ ಅಂದಿನಿಂದ ಒಣಗಿ ನಿಂತಿದೆ, ಅದೇ ಸುಣ್ಣದ ಗಾರೆಯಲ್ಲಿ. ಈಗ ಯಾರಾದರೂ ಹೊಸಬರು ಬಂದರೆ, "ನಮ್ಮ ತೇವದಕ್ಕನ ಗೋಡೆ" ಎಂದು ನಾವೇ ಎದೆಯುಬ್ಬಿಸಿ ತೋರಿಸುತ್ತೇವೆ.

ಆರು ವರ್ಷದ ಮೇಲೆ ಒಂದು ಬೆಳಗ್ಗೆ ಅವಳು ಏಳಲಿಲ್ಲ. ಸುದ್ದಿ ಕೇಳಿ ಬೆಟ್ಟವೂ ಬಂತು, ಬೀದಿಯೂ ಬಂತು. ಚಟ್ಟಕ್ಕೆ ಒಂದು ಕಡೆ ಅವಳ ಜನ ಹೆಗಲು ಕೊಟ್ಟರು, ಇನ್ನೊಂದು ಕಡೆ ಪಾದ್ರಿಯೂ ಯಜಮಾನರೂ. ಬೆಟ್ಟದವರು ಗಿಡ್ಡ, ನಮ್ಮವರು ಉದ್ದ. ಅವಳ ಮನೆಯ ಹೊಸ್ತಿಲ ಹತ್ತಿರ ಚಟ್ಟ ಒಂದು ಕಡೆಗೆ ವಾಲಿತು.

ತಾಯಿಯ ಕಸುಬನ್ನೇ ಹಿಡಿದಿದ್ದ ಮಗಳು ಅಳುತ್ತಲೇ ಗದರಿದಳು: "ಮಟ್ಟ ನೋಡ್ರೋ! ನಮ್ಮಮ್ಮ ಓರೆ ಕೆಲಸ ಸಹಿಸ್ತಿರ್ಲಿಲ್ಲ!"

ಉದ್ದವಿದ್ದವರು ಮಂಡಿ ಬಗ್ಗಿಸಿದರು, ಗಿಡ್ಡಗಿದ್ದವರು ತುದಿಗಾಲಿನಲ್ಲಿ ನಿಂತರು. ಹಾಗೆಯೇ, ಒಂದಂಗುಲವೂ ವಾಲದೆ, ತೇವದಕ್ಕ ಹೊಸ್ತಿಲು ದಾಟಿದಳು.