ಬ್ರೇಕಿನ ಮೇಲಿದ್ದ ಕಾಲು

ಹಳೇ ಟ್ರ್ಯಾಕ್ಟರ್ ತರೋಣ ಎಂದು ಅಪ್ಪ ಹೇಳಿದಾಗ ನಾನು ಊಟದ ತಟ್ಟೆಯ ಮುಂದೆಯೇ ರೇಗಿದೆ. ನನ್ನದು ಮೊದಲಿನಿಂದಲೂ ಮೂಗಿನ ತುದಿಯ ಕೋಪ. ಚಿಕ್ಕಬಳ್ಳಾಪುರದ ಕಚೇರಿಯಲ್ಲಿ ದಿನವೆಲ್ಲ ಜನರ ಗೊಣಗಾಟ ಕೇಳಿ, ಬಸ್ಸಿನಲ್ಲಿ ನಿಂತುಕೊಂಡು ಬಂದವನಿಗೆ, ಯಾರೋ ಉಜ್ಜಿ ಬಿಸಾಕಿದ ಗಾಡಿಯನ್ನು ಮನೆಗೆ ತಂದು ಸಾಕುವ ಮಾತು ಹಿಡಿಸಲಿಲ್ಲ. ಅಪ್ಪ ತಲೆ ಎತ್ತದೆ ಮುದ್ದೆ ಮುರಿಯುತ್ತಿದ್ದರು. ಬಾಡಿಗೆ ಟ್ರ್ಯಾಕ್ಟರಿನವನು ಈ ಸಲವೂ ಇವತ್ತು ನಾಳೆ ಎಂದು ಸತಾಯಿಸಿ ಹಿಪ್ಪುನೇರಳೆ ತೋಟದ ಹದ ತಪ್ಪಿಸಿದ್ದ. ಇನ್ನು ಅವನ ಬಾಗಿಲು ಕಾಯುವುದು ಸಾಕು ಎಂದರು. ಆಮೇಲೆ ನಾನು ಎಷ್ಟು ಹಾರಾಡಿದರೂ ಮಜ್ಜಿಗೆ ಕುಡಿದು ಎದ್ದು ಹೋದರು.

ಭಾನುವಾರ ನಾವಿಬ್ಬರೂ ಚಿಂತಾಮಣಿಯಲ್ಲಿದ್ದೆವು. ಬಣ್ಣ ಕೆಂಪೋ ಕಂದೋ ತಿಳಿಯದ ಸ್ಥಿತಿಯಲ್ಲಿ ಗಾಡಿ ಒಂದು ಹುಣಸೆಮರದ ಕೆಳಗೆ ನಿಂತಿತ್ತು. ಸೀಟಿನಲ್ಲಿ ಸ್ಪಂಜಿನ ಬದಲು ಗೋಣಿಚೀಲ. ಮಾರುವವನು ಮುಟ್ಟುತ್ತಲೇ ಸ್ಟಾರ್ಟ್ ಮಾಡಿ ತೋರಿಸಿ ಮೀಸೆ ತಿರುವಿದ. ಅಪ್ಪ ಇಂಜಿನ್ನಿನ ಮೇಲೆ ಅಂಗೈ ಇಟ್ಟು ನೋಡಿ, ಮೊದಲೇ ಬಿಸಿ ಮಾಡಿಟ್ಟಿದ್ದೀಯಲ್ಲಪ್ಪ, ಆರಲಿ, ಆಮೇಲೆ ನೋಡೋಣ ಎಂದು ಮರದಡಿಯೇ ಕೂತುಬಿಟ್ಟರು. ಆರಿದ ಮೇಲೆ ಅದು ಕೆಮ್ಮಿತು, ಉಗುಳಿತು, ಏಳಲಿಲ್ಲ. ನನಗೆ ಒಳಗೊಳಗೇ ಖುಷಿ, ಪೀಡೆ ತೊಲಗಿತು ಅಂತ. ಅಪ್ಪ ಅದನ್ನೇ ಕೊಂಡರು. ಗೇರ್‌ಬಾಕ್ಸ್ ಗಟ್ಟಿಯಾಗಿದೆ, ಮಿಕ್ಕಿದ್ದೆಲ್ಲ ರಿಪೇರಿಯ ಮಾತು ಎಂದರು.

ದಿಬ್ಬೂರಹಳ್ಳಿ ಪಕ್ಕದ ನಮ್ಮೂರಿಗೆ ಅದನ್ನು ಇನ್ನೊಂದು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದೆವು. ಹಾಲಿನ ಡೇರಿಯ ಮುಂದೆ ನಿಂತಿದ್ದವರು, ಮಗನಿಗೆ ಕಾರು ಅಪ್ಪನಿಗೆ ತೇರು ಎಂದು ನಕ್ಕರು. ನನಗೆ ಕಾರೂ ಇರಲಿಲ್ಲ.

ಅಲ್ಲಿಂದ ಶುರುವಾಯಿತು. ಇಂಜಿನ್ ಬಿಚ್ಚಿ ಗೌರಿಬಿದನೂರಿನ ಲೇತ್ ಅಂಗಡಿಗೆ ಹೋಯಿತು, ಪಿಸ್ಟನ್ನು ಬದಲಾಯಿತು, ಡೀಸೆಲ್ ಪಂಪು ಅಲ್ಲಿಗೂ ಇಲ್ಲಿಗೂ ಅಲೆಯಿತು. ಅಪ್ಪನ ಬೆರಳ ಸಂದಿಯಲ್ಲಿ ಗ್ರೀಸು, ಬಾಯಲ್ಲಿ ಹಾಡು. ಅವರ ಜೊತೆ ನಿಂತವಳು ನನ್ನ ಹೆಂಡತಿ. ನಮ್ಮ ರೇಷ್ಮೆಹುಳು ಮನೆಯ ಯಜಮಾನಿಕೆ ಅವಳದೇ. ಹುಳುಗಳಿಗೆ ಸೊಪ್ಪು ಹಾಕಿ, ಬಿಡುವಾದ ಕೂಡಲೇ ಶೆಡ್ಡಿಗೆ ಬಂದು ಅಪ್ಪನಿಗೆ ಟಾರ್ಚು ಹಿಡಿಯುತ್ತಿದ್ದಳು. ಡೀಸೆಲ್ ವಾಸನೆ ಹುಳುವಿಗೆ ಆಗದು. ಮತ್ತೆ ಒಳಗೆ ಹೋಗುವಾಗ ಪ್ರತಿ ಸಲವೂ ಕೈಕಾಲು ತೊಳೆದು ಬಟ್ಟೆ ಬದಲಿಸಬೇಕು. ಅದಕ್ಕೂ ಬೇಸರಿಸಲಿಲ್ಲ. ಯಾವ ಬೋಲ್ಟಿಗೆ ಯಾವ ಸ್ಪ್ಯಾನರ್ ಎಂದು ಅಪ್ಪ ಕೇಳುವ ಮೊದಲೇ ಕೊಡುವಷ್ಟು ಕಲಿತಳು. ಮಾವ ಸೊಸೆ ಇಬ್ಬರೂ ಸೇರಿ ನನ್ನನ್ನೇ ಗೇಲಿ ಮಾಡುತ್ತಿದ್ದರು. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಹೊಟ್ಟೆಯುರಿಯಾಗುತ್ತಿತ್ತು.

ಗಾಡಿ ಎದ್ದಿತು, ಆದರೆ ಸೆಲ್ಫ್ ಸ್ಟಾರ್ಟರ್ ಒಮ್ಮೆ ಹಿಡಿದರೆ ಒಮ್ಮೆ ಇಲ್ಲ. ಅದಕ್ಕೇ ಅಪ್ಪ ಅದನ್ನು ಮನೆ ಮುಂದಿನ ಇಳಿಜಾರಿನಲ್ಲಿ, ಮೂತಿ ಕೆಳಗೆ ಮಾಡಿ ನಿಲ್ಲಿಸುತ್ತಿದ್ದರು. ಸೆಲ್ಫ್ ಕೈಕೊಟ್ಟರೆ ಜಾರಿಸಿ ಸ್ಟಾರ್ಟ್ ಮಾಡಬಹುದು. ಚಕ್ರಕ್ಕೆ ಒಂದು ಕಲ್ಲು ಅಡ್ಡ.

ಅವತ್ತು ನಾನು ಗೂಡು ತೆಗೆದುಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿದ್ದೆ. ಅಪ್ಪ ಹೊಸ ಬ್ರೇಕ್ ಲೈನಿಂಗ್ ಹಾಕಿಸಿ, ಅದರ ಬಿಗಿ ನೋಡಲು ಕೂತರು. ಸೊಸೆಯನ್ನು ಸೀಟಿನ ಮೇಲೆ ಕೂರಿಸಿ ಪೆಡಲು ತುಳಿದು ಹಿಡಿಯಲು ಹೇಳಿದರು. ಬ್ರೇಕ್ ಇಳಿಜಾರಿನಲ್ಲಿ ನಿಲ್ಲುತ್ತದೋ ಇಲ್ಲವೋ ನೋಡಬೇಕಲ್ಲ, ಕಲ್ಲು ತೆಗೆದರು. ತಾವು ಪಕ್ಕದಲ್ಲಿ ನೆಲದ ಮೇಲೆ ಕೂತು ಪೆಡಲಿನ ಕೆಳಗಿನ ಕಂಬಿಯ ನಟ್ಟು ತಿರುಗಿಸತೊಡಗಿದರು. ಎಡಗಾಲು ದೊಡ್ಡ ಚಕ್ರದ ಮುಂದಕ್ಕೆ ಚಾಚಿತ್ತು. ಅವಳ ಕಾಲು ಸೋತು ಒಂದಿಷ್ಟು ಸಡಿಲವಾಯಿತು, ಚಕ್ರ ಅಲುಗಿತು, ಅಪ್ಪ ಕೂಗಿದರು. ಆ ಕೂಗಿಗೆ ಅವಳು ಪೆಡಲನ್ನು ಪೂರ್ತಿ ಬಿಟ್ಟಳು. ಚಕ್ರ ಅಪ್ಪನ ಪಾದದ ಮೇಲೆ ಹತ್ತಿ ಇಳಿಯಿತು.

ಆಪರೇಷನ್ ಆಯಿತು, ಪಾದದೊಳಗೆ ಕಂಬಿ ಹಾಕಿದರು. ನಡೆಯಬಹುದು, ಆದರೆ ಪಾದ ಮಡಚುವುದಿಲ್ಲ, ಕ್ಲಚ್ ತುಳಿಯುವ ಆಸೆ ಬಿಡಿ ಎಂದರು ಡಾಕ್ಟರು. ಅದನ್ನು ಕೇಳಿ ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದರು. 

ಮನೆಗೆ ಬಂದ ಮೇಲೆ ನಿಜವಾದ ಸಂಕಟ. ನಾನು ಹೆಂಡತಿಯನ್ನು ಕೇಳಿದೆ, ಯಾಕೆ ಬಿಟ್ಟೆ ಎಂದು. ಅವರೇ ಬಿಡು ಅಂದರು, ಬಿಟ್ಟೆ ಎಂದಳು. ಅಪ್ಪನನ್ನು ಕೇಳಿದರೆ, ಬಿಡಬೇಡ ಅಂತಲೇ ಗಂಟಲು ಹರಿಯುವ ಹಾಗೆ ಕೂಗಿದೆ ಎಂದರು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿರಬೇಕು. ಕಾಲು ಮುರಿದುಕೊಂಡು ಮಲಗಿದವರು ಯಾಕೆ ಸುಳ್ಳು ಹೇಳುತ್ತಾರೆ? ನಾನು ಅವಳನ್ನು ನಂಬಲಿಲ್ಲ. ಹೆದರಿ ಬಿಟ್ಟೆ ಅಂತ ಒಪ್ಪಿಕೊಂಡರೆ ನಿನ್ನ ಗಂಟು ಏನು ಹೋಗುತ್ತೆ ಎಂದು ರೇಗಿದೆ. ಅವಳು ಅದೇ ಮಾತು ಹೇಳಿದಳು, ಬೇರೆ ಹೇಳಲಿಲ್ಲ.

ನಮ್ಮ ಮನೆಮಾತು ತೆಲುಗು. ನಮ್ಮ ಕಡೆ ಅದೇನು ದೊಡ್ಡ ವಿಷಯವಲ್ಲ, ಅಂಗಡಿಯಲ್ಲಿ ಒಂದೇ ಉಸಿರಿಗೆ ಎರಡೂ ಭಾಷೆ ಆಡುತ್ತೇವೆ. ನನ್ನ ಹೆಂಡತಿ ಮಂಡ್ಯದ ಕಡೆಯವಳು. ಅವಳ ಜೊತೆ ಎಲ್ಲರೂ ಕನ್ನಡದಲ್ಲೇ ಮಾತಾಡುತ್ತಿದ್ದೆವು, ಅದೇ ಮರ್ಯಾದೆ ಎಂದುಕೊಂಡು. ಅವಳ ಕಿವಿಗೆ ಬೀಳಬಾರದ ಮಾತಿಗೆ ಮಾತ್ರ ತೆಲುಗು. ಈಗ ಅಮ್ಮ, ಅಪ್ಪನನ್ನು ನೋಡಲು ಬಂದವರಿಗೆಲ್ಲ ಆ ಭಾಷೆಯಲ್ಲೇ ಕಥೆ ಹೇಳತೊಡಗಿದರು. ಬೇಕಂತಲೇ ಬಿಟ್ಟಳೋ ಏನೋ ದೇವರಿಗೇ ಗೊತ್ತು ಎನ್ನುವವರೆಗೂ ಅದು ಬೆಳೆಯಿತು. ಹೆಂಡತಿ ಬಂದವರಿಗೆ ಕಾಫಿ ಕೊಟ್ಟು ಲೋಟ ಎತ್ತಿಕೊಂಡು ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಬ್ಯಾಗಿಗೆ ಬಟ್ಟೆ ತುಂಬಿ ಪಡಸಾಲೆಗೆ ಬಂದಳು. ಹುಳು ಈಗಷ್ಟೇ ಗೂಡು ಕಟ್ಟಿ ಮುಗಿಸಿದ್ದವು, ಮನೆಯಲ್ಲಿ ಅವಳ ಕೈ ಕಾಯುವ ಕೆಲಸ ಇರಲಿಲ್ಲ. ತವರಿಗೆ ಹೋಗ್ತೀನಿ, ನಾನು ಸುಳ್ಳಿ ಅಂತ ಅನ್ನಿಸಿಕೊಂಡು ಇಲ್ಲಿರಲಾರೆ ಎಂದಳು. ಹೋಗಬೇಡ ಎನ್ನಬೇಕೆನಿಸಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ, ಹೋಗು, ಯಾರು ಹಿಡಿದುಕೊಂಡಿದ್ದಾರೆ ಎಂದುಬಿಟ್ಟೆ.

ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದ ಅಪ್ಪ ನನಗೆ ಸುಮ್ಮನಿರೆಂದು ಕೈ ಸನ್ನೆ ಮಾಡಿ, ಅವಳನ್ನು ಹತ್ತಿರ ಕರೆದರು.

"ಬಿಡು ಅಂದೆ ಅಂತೀಯಲ್ಲಮ್ಮ. ನನ್ನ ಬಾಯಿಂದ ಏನ್ ಮಾತು ಬಂತು? ಕೇಳಿಸಿದ್ದು ಕೇಳಿಸಿದಂಗೆ ಹೇಳು."

"ವದಲಾಕು ಅಂದ್ರಿ ಮಾವ," ಎಂದಳು. "ಬಿಟ್ಟಾಕು ಅಂತ ತಾನೆ?"

ಅಪ್ಪ ಕಣ್ಣು ಮುಚ್ಚಿಕೊಂಡರು. ನನಗೆ ಅರೆಗಳಿಗೆ ತಡವಾಗಿ ಹೊಳೆಯಿತು. ವದುಲು ಎಂದರೆ ಬಿಡು. ಅದಕ್ಕೆ ನಮ್ಮ ತೆಲುಗಿನಲ್ಲಿ 'ಆಕು' ಸೇರಿದರೆ ಬಿಡಬೇಡ ಎಂದಾಗುತ್ತದೆ. ಅವಳ ಊರಿನಲ್ಲಿ 'ಹಾಕು' ಎನ್ನುವುದನ್ನೇ 'ಆಕು' ಎನ್ನುತ್ತಾರೆ: ಬಿಟ್ಟಾಕು, ಎತ್ತಾಕು, ತೆಗೆದಾಕು. ಅಷ್ಟು ವರ್ಷ ಅವಳೊಡನೆ ತಡವರಿಸಿಕೊಂಡಾದರೂ ಕನ್ನಡವನ್ನೇ ಆಡಿದ ಅಪ್ಪನ ಬಾಯಿಗೆ, ಜೀವಕ್ಕೆ ಕುತ್ತು ಬಂದಾಗ ಬಂದದ್ದು ತೆಲುಗು. ಇಬ್ಬರೂ ಸುಳ್ಳು ಹೇಳಿರಲಿಲ್ಲ.

"ಏಮಂಟಾಂದಿ?" ಅಡುಗೆಮನೆಯ ಬಾಗಿಲಿನಿಂದ ಅಮ್ಮ ನನ್ನನ್ನು ಕೇಳಿದರು. ಏನಂತಾಳೆ ಇವಳು ಎಂದು.

ನಾನು ಎದೆಯ ಭಾರ ಇಳಿದ ಸಡಗರದಲ್ಲಿ ಹೆಂಡತಿಯ ಕಡೆ ತಿರುಗಿ, ಇಷ್ಟು ವರ್ಷ ಈ ಮನೆಯಲ್ಲಿದ್ದೂ ಅಷ್ಟು ತೆಲುಗು ಬರಲಿಲ್ಲವಲ್ಲೇ ನಿನಗೆ ಎಂದು ನಕ್ಕೆ. ಅವಳು ನಗಲಿಲ್ಲ.

"ನಿಮ್ಮ ತೆಲುಗು ನಂಗೆ ಬತ್ತದೆ ಕಣ್ರೀ," ಎಂದಳು. "ಇವಳು ಹಿಂಗೆ, ಇವಳಿಗೆ ಅದು ಬರಲ್ಲ, ಇವಳ ಕಡೆಯೋರು ಹಂಗೆ. ಎಲ್ಲಾ ಅರ್ಥ ಆಯ್ತದೆ. ದಿನಾ ಕೇಳಿ ಕೇಳಿ ಕಲ್ತಿದೀನಿ. ಮಾಡು, ಮಾಡಬೇಡ ಅಂತ ನನ್ನ ಮುಖ ನೋಡಿ ಯಾರೂ ಆ ಭಾಷೇಲಿ ಹೇಳಲಿಲ್ಲ. ಅದೊಂದು ನಂಗೆ ಹೆಂಗೆ ಬಂದಾತು?"

ಅಮ್ಮ ಏನೋ ಹೇಳಲು ಬಾಯಿ ತೆರೆದರು. ಯಾವ ಭಾಷೆಯಲ್ಲಿ ಹೇಳಬೇಕೆಂದು ತಿಳಿಯದೆ ಹಾಗೇ ನಿಂತರು.