ಆಯಿ ಅನ್ನಬೇಕು
ಬೀಳಗಿ ಕಡೆಯ ಹಿನ್ನೀರಿಗೆ ಚಳಿಗಾಲದ ಹೆಬ್ಬಾತುಗಳು ಬಂದಿಳಿದವೆಂದರೆ ನನಗೆ ಬೆಳಗಿನ ನಿದ್ದೆ ಹತ್ತುವುದಿಲ್ಲ. ದುರ್ಬೀನು ಕೊರಳಿಗೆ ಹಾಕಿಕೊಂಡು ಹೊರಟುಬಿಡುತ್ತೇನೆ. ದಡದಲ್ಲಿ ನನಗಿಂತ ಮೊದಲೇ ಇರುತ್ತಿದ್ದವಳು ಕುರಿ ಕಾಯುವ ಲಗಮವ್ವ. ಸೊಂಟದ ಮೇಲೆ ಮೂರು ವರ್ಷದ ಮೊಮ್ಮಗಳು ವೈಶಾಲಿ. ಲಗಮವ್ವನ ಮಗಳು ಈ ಕೂಸಿನ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಆಡಿನ ಹಾಲು ಕುಡಿಸಿ ಕೂಸನ್ನು ಬದುಕಿಸಿದವಳು ಲಗಮವ್ವ. ಅಳಿಯ ಶಿವಪುತ್ರ ಬನಹಟ್ಟಿಯಲ್ಲಿ ಪಾವರ್‌ಲೂಮ್ ಕೆಲಸಗಾರ. ಇಷ್ಟು ದಿನ ಇತ್ತ ತಲೆಹಾಕದ ಮಹಾರಾಯ, ಮರುಮದುವೆಯಾದ ಮೇಲೆ ಮಗಳನ್ನು ಒಯ್ಯುತ್ತೇನೆಂದು ಫೋನು ಮಾಡಿದ್ದ. ಕೇಳಿ ನನಗೆ ಮೈಯೆಲ್ಲ ಉರಿದಿತ್ತು.

ಅವನು ಬರುವ ದಿನವೂ ಅಜ್ಜಿ ಮೊಮ್ಮಗಳು ದಡಕ್ಕೆ ಬಂದರು. ಬಣ್ಣದ ಕೊಕ್ಕರೆಗಳು ಕೆಸರಿನಲ್ಲಿ ಬಗ್ಗಿ ಮೀನು ಹುಡುಕುತ್ತಿದ್ದವು. ಮುಳುಗಿದ ಜಾಲಿಯ ಮೇಲೆ ನೀರುಕಾಗೆಯೊಂದು ರೆಕ್ಕೆ ಬಿಚ್ಚಿ ಕೂತಿತ್ತು.

“ಅದೇನದು?” ಲಗಮವ್ವ ಕೂಸನ್ನು ಕೇಳಿದಳು.

“ನೀರಕಾಗಿ.”

“ಹಣಿಮ್ಯಾಗ ಬೆಳ್ಳಗ ಐತೆಲ್ಲ, ಅದು?”

“ಈಬತ್ತಿ ಕೋಳಿ.”

ಪುಸ್ತಕದಲ್ಲಿ ಅದು ನಾಮದ ಕೋಳಿ. ನಾಮ ಅಳಿಸಿ ವಿಭೂತಿ ಹಚ್ಚಿದವಳು ಲಗಮವ್ವನೇ.

“ಮತ್ತ ನಾ ಯಾರು?”

“ಅವ್ವ.”

“ಅಲ್ಲ ಬೇ. ನಾ ನಿಮ್ಮವ್ವನ ಅವ್ವ. ಆಯಿ. ಆಯಿ ಅನ್ನು.”

ಕೂಸು ನಕ್ಕು ಮತ್ತೆ “ಅವ್ವ” ಎಂದಿತು.

ನಾನು ರೇಗಿದೆ. “ಏನರ ಅನ್ಲಿ ಬಿಡು ಲಗಮವ್ವ. ಕೂಸಿಗ್ಯಾಕ ಈ ಕಾಟ?”

“ಇಲ್ರೀ. ಅಲ್ಲಿ ಹೋಗಿ ಆ ಹೊಸಾಕಿಗೆ ಅವ್ವ ಅನ್ನಬೇಕು. ಆ ಹೆಸರು ನನ್ನ ಹಂತ್ಯಾಕ ಉಳೀತಂದ್ರ, ಆಕಿ ಈಕೀನ ಹೆಂಗ ಹಚ್ಕೋತಾಳ್ರೀ?”

ನನಗೆ ಅಳು ಬಂತು. ಅಷ್ಟರಲ್ಲಿ ಹೆಬ್ಬಾತುಗಳ ಹಿಂಡು ಗದ್ದಲ ಮಾಡುತ್ತ ಎದ್ದು, ಕಡಲೆ ಹೊಲಗಳ ಕಡೆ ಹೋಯಿತು. ವೈಶಾಲಿ ಚಪ್ಪಾಳೆ ತಟ್ಟಿದಳು. ಮನೆಗೆ ಹೋಗುವ ದಾರಿಯಲ್ಲೂ ಪಾಠ ನಡೆದೇ ಇತ್ತು. ಕೂಸಿನ ಉತ್ತರ ಮಾತ್ರ ಬದಲಾಗಲಿಲ್ಲ.

ಶಿವಪುತ್ರ ಬಂದರೆ ಜಗಳ ತೆಗೆಯಬೇಕೆಂದೇ ನಾನೂ ಜೊತೆಗೆ ಹೋಗಿದ್ದೆ. ಅವನ ಬೈಕಿನ ಹಿಂದಿನಿಂದ ಇಳಿದ ಹೊಸ ಹೆಂಡತಿ ಅಂಜುಬುರುಕ ಹುಡುಗಿ. ಕೂಸಿಗೆಂದು ಬಳೆ ತಂದಿದ್ದಳು. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಎರಡೂ ಕೈ ಚಾಚಿದಳು. ಜಗಳಕ್ಕೆಂದು ಬಂದ ನಾನು ಬದಿಗೆ ಸರಿದು ನಿಂತೆ.

ವೈಶಾಲಿ ಲಗಮವ್ವನ ಕೊರಳು ಬಿಡಲೊಲ್ಲಳು. ಲಗಮವ್ವ ಒಂದೊಂದೇ ಬೆರಳು ಬಿಡಿಸಿದಳು.

“ಅವ್ವ ಅಲ್ಲಿ ಅದಾಳ ನೋಡು. ಹೋಗು.”

ಕೂಸು ಇಬ್ಬರ ಮುಖವನ್ನೂ ನೋಡಿತು. ಬೈಕು ಹೊರಟಿತು. ಆ ಹುಡುಗಿಯ ಹೆಗಲ ಮೇಲಿಂದ ಕೈ ಚಾಚಿ ಕೂಸು ಅಳುತ್ತ ಕರೆಯಿತು.

“ಆಯಿ, ನೀನೂ ಬಾ.”

ತಾನೇ ಕಲಿಸಿದ ಹೆಸರಿಗೆ ಓಗೊಡಲು ಲಗಮವ್ವನಿಂದ ಆಗಲಿಲ್ಲ.